ಸೀನಿಯರ್ ಬ್ರಾಂಡ್ ಡಿಸೈನರ್‌ಗೆ ಬಂದ ಸಂಬಂಧ

ನನ್ನ ಮದುವೆಯ ಬಯೋಡೇಟಾವನ್ನು ನಾನೇ ಡಿಸೈನ್ ಮಾಡಿಕೊಂಡಿದ್ದೆ. ಮೂಡಿಗೆರೆ ಕಡೆಯ ಉಳಿದ ಹುಡುಗಿಯರ ಬಯೋಡೇಟಾಗಳಲ್ಲಿ ಮೇಲೊಂದು ಗಣಪತಿ, ಸುತ್ತ ಕೆಂಪು ಬಳ್ಳಿ, ಮೂಲೆಯಲ್ಲಿ ಮುಖಕ್ಕೆ ಬಿಳಿ ಬಳಿದ ಫೋಟೋ ಇರುತ್ತಿತ್ತು. ನನ್ನದು ಬರೀ ಬಿಳಿ ಹಾಳೆ, ಒಂದೇ ಬಗೆಯ ಅಕ್ಷರ, ಸುತ್ತ ಧಾರಾಳ ಜಾಗ. ಅಮ್ಮ ಅದನ್ನು ಕನ್ನಡಕ ಏರಿಸಿ ನೋಡಿ, "ಇದೆಂತದು ಮಾರಾಯ್ತಿ, ತಿಥಿ ಕಾಗದ ಇದ್ದಂಗೆ ಇದೆ" ಎಂದಳು. ಅವಳ ಸಮಾಧಾನಕ್ಕೆ ಗಣಪತಿಯನ್ನು ತಂದು ಕೂರಿಸಿದೆ. ಉದ್ಯೋಗ ಎಂಬಲ್ಲಿ ಮಾತ್ರ ಯಾರನ್ನೂ ಕೇಳದೆ ಬರೆದೆ: ಸೀನಿಯರ್ ಬ್ರಾಂಡ್ ಡಿಸೈನರ್.

ಅದು ಸುಳ್ಳಾಗಿರಲಿಲ್ಲ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಹಾಗೇ ಅಚ್ಚಾಗಿತ್ತು.

ನಾನು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕಟ್ಟಡದಲ್ಲಿತ್ತು. ಕೆಳಗೆ ಹೋಟೆಲು, ಮೇಲೆ ನಾವು. ಬೋರ್ಡಿನಲ್ಲಿ 'ಸ್ಟುಡಿಯೋ' ಎಂದಿದ್ದ ತಪ್ಪಿಗೆ ಆಗಾಗ ಯಾರಾದರೂ ತಲೆ ಬಾಚಿಕೊಂಡು, ಪಾಸ್‌ಪೋರ್ಟ್ ಫೋಟೋ ತೆಗೆಸಲೆಂದು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾವು ಮಾಡುತ್ತಿದ್ದುದು ಕಾಫಿಪುಡಿ ಪ್ಯಾಕೆಟ್ಟು, ಜೇನಿನ ಬಾಟಲಿಯ ಚೀಟಿ, ಹೋಮ್‌ಸ್ಟೇ ಬೋರ್ಡು, ಮದುವೆ ಕಾರ್ಡು. ನಾವು ಅಂದರೆ ನಾನು. ಇನ್ನೊಬ್ಬರಿದ್ದರು, ಅವರು ಮಾಲೀಕರು. ಅವರನ್ನು ನಾನು ಸರ್ ಎನ್ನುತ್ತಿದ್ದೆ. ಅವರ ಕಾರ್ಡಿನಲ್ಲಿ ಫೌಂಡರ್ ಅಂಡ್ ಕ್ರಿಯೇಟಿವ್ ಡೈರೆಕ್ಟರ್ ಎಂದಿತ್ತು. ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯಲು ಅವರಿಗೆ ಬರುತ್ತಿರಲಿಲ್ಲ. ನನ್ನ ಹಿಂದೆ ನಿಂತು, ಬೋಂಡಾ ತಿಂದ ಬೆರಳನ್ನು ಪರದೆಯ ಮೇಲೇ ಒತ್ತಿ, "ಇದು ಸ್ವಲ್ಪ ಉಸಿರಾಡ್ಲಿ" ಎನ್ನುತ್ತಿದ್ದರು. ಅವರು ಹೋದಮೇಲೆ ನಾನು ಎಣ್ಣೆ ಒರೆಸುತ್ತಿದ್ದೆ. ಅವರ ಡೈರೆಕ್ಷನ್ನು ಅಷ್ಟೇ.

ನಮ್ಮಲ್ಲಿ ಸಂಬಳ ಏರಿಸುವ ಪದ್ಧತಿ ಇರಲಿಲ್ಲ, ಹೆಸರು ಏರಿಸುವ ಪದ್ಧತಿ ಇತ್ತು. ತೋಟಗಳಲ್ಲಿ ಕುಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರ್ ನನ್ನನ್ನು ಎದುರಿಗೆ ಕೂರಿಸಿಕೊಂಡು, ಹೆಣ್ಣು ಒಪ್ಪಿಸುವವರ ಹಾಗೆ ಗಂಟಲು ಸರಿಮಾಡಿಕೊಂಡು, ಹೊಸ ಪದವಿಯೊಂದನ್ನು ಕೊಡುತ್ತಿದ್ದರು. ಟ್ರೈನಿಯಾಗಿ ಸೇರಿದವಳು ಜೂನಿಯರ್ ಡಿಸೈನರ್ ಆದೆ, ಆಮೇಲೆ ಡಿಸೈನರ್, ಆಮೇಲೆ ಬ್ರಾಂಡ್ ಡಿಸೈನರ್, ಕೊನೆಗೆ ಅದರ ಮುಂದೆ ಸೀನಿಯರ್ ಎಂಬುದೂ ಬಂದು ಸೇರಿತು. ಪ್ರತಿಸಲವೂ ಹೊಸ ಕಾರ್ಡು ಬೇಕಾಗುತ್ತಿತ್ತು. ಆ ಕಾರ್ಡನ್ನೂ ನಾನೇ ಮಾಡಿಕೊಳ್ಳಬೇಕಿತ್ತು. ಎಸ್ಟೇಟುಗಳಲ್ಲಿ ಮೇಸ್ತ್ರಿಯೊಬ್ಬ ಲೆಕ್ಕ ಬರೆಯುವ ರೈಟರಾದರೆ ಅವನು ಇರುವ ಮನೆ ಬದಲಾಗುತ್ತದೆ, ಅವನನ್ನು ಕರೆಯುವ ದನಿ ಬದಲಾಗುತ್ತದೆ, ಅವನ ಹೆಂಡತಿ ಕೂಡ ರೈಟ್ರಮ್ಮ ಆಗುತ್ತಾಳೆ. ನನಗೆ ಕುರ್ಚಿಯೂ ಅದೇ, ಅದರ ಮುರಿದ ಗಾಲಿಯೂ ಅದೇ. ಆದರೂ ಪ್ರತಿ ಹೊಸ ಕಾರ್ಡು ಕೈಗೆ ಬಂದ ದಿನ ನನಗೆ ಖುಷಿಯಾಗುತ್ತಿತ್ತು. ಅದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಇಷ್ಟೆಲ್ಲ ಪದವಿಗಳು ಸ್ಟುಡಿಯೋದ ಒಳಗೆ. ಗಿರಾಕಿ ಮೆಟ್ಟಿಲು ಹತ್ತಿ ಬಂದರೆ ಬೇರೆ ನಿಯಮ. ಗಿರಾಕಿಯ ಮುಂದೆ ನಾನು ಬಾಯಿ ಬಿಡುವಂತಿಲ್ಲ. "ಜನಕ್ಕೆ ಒಬ್ಬನೇ ಡಿಸೈನರ್ ಕಾಣ್ಬೇಕು ಮಾರಾಯ್ತಿ, ಇಬ್ಬರು ಕಂಡ್ರೆ ರೇಟು ಇಳಿಸ್ತಾರೆ" ಎಂದು ಸರ್ ಮೊದಲ ವಾರವೇ ಹೇಳಿಕೊಟ್ಟಿದ್ದರು. ಮಾಡಿದ್ದೆಲ್ಲವನ್ನೂ ತೋರಿಸಿ, "ಇದು ನಾನೇ ಕೂತು ಮಾಡ್ದೆ" ಎನ್ನುತ್ತಿದ್ದರು. ಮಾತಿನ ಕೊನೆಯಲ್ಲಿ ನನ್ನ ಕಡೆ ತಿರುಗಿ "ಅಲ್ವೇನಮ್ಮ?" ಎನ್ನುವುದು ಅವರ ರೂಢಿ. ನಾನು ತಲೆಯಾಡಿಸಬೇಕು. ನಾನು ಯಾರು ಎಂದು ಗಿರಾಕಿ ಕೇಳಿದರೆ, "ನಮ್ಮ ಆಪರೇಟರ್" ಎನ್ನುತ್ತಿದ್ದರು. ಅದಕ್ಕೂ ತಲೆಯಾಡಿಸಬೇಕು. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಎನ್ನುವವರು ಮೂಡಿಗೆರೆಯಲ್ಲಿ ಇನ್ನೊಂದು ಡಿಸೈನ್ ಸ್ಟುಡಿಯೋ ಹುಡುಕಿ ತೋರಿಸಲಿ.

ಬಯೋಡೇಟಾ ನಾಲ್ಕು ಕಡೆ ಹೋಯಿತು. ಕಳಸದಿಂದ ಒಂದು ಸಂಬಂಧ ಬಂತು. ನಮ್ಮಂತೆಯೇ ವ್ಯಾಪಾರದ ಮನೆ, ಹುಡುಗನದು ಔಷಧಿ ಅಂಗಡಿ. ನಮ್ಮಪ್ಪ ಬಣಕಲ್‌ನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವರು, ಅಂಗಡಿಯವನಿಗೆ ಮಗಳನ್ನು ಕೊಡುವುದು ಅವರಿಗೆ ನೆಮ್ಮದಿಯ ವಿಷಯ. ಹುಡುಗನೂ ನಾನೂ ಫೋನಿನಲ್ಲಿ ಮಾತಾಡಲು ಎರಡೂ ಮನೆಯವರು ಒಪ್ಪಿದರು.

ನನಗೆ ಆ ಹುಡುಗ ಇಷ್ಟವಾದ. ಇದನ್ನು ಸುತ್ತಿಬಳಸಿ ಹೇಳುವ ವಯಸ್ಸು ನನ್ನದಲ್ಲ. ಅವನಿಗೆ ಮಾತಿನಲ್ಲಿ ಒಂದು ನಿಧಾನವಿತ್ತು. ಅಂಗಡಿಗೆ ಬರುವವರೆಲ್ಲ ಅವನನ್ನು ಡಾಕ್ಟ್ರೇ ಎನ್ನುತ್ತಾರಂತೆ. "ನಾನು ಡಾಕ್ಟರಲ್ಲ ಅಂತ ಹೇಳಿ ಹೇಳಿ ಸಾಕಾಯ್ತು ನೋಡಿ. ಈಗ ಓಗೊಡ್ತೀನಿ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ನಿಮ್ಮ ಕೆಲಸ ಎಂತದು ಎಂದು ಕೇಳಿದ. ಅದುವರೆಗೆ ನನ್ನನ್ನು ನೋಡಲು ಬಂದವರು ಸಂಬಳ ಕೇಳಿದ್ದರು, ರಜೆ ಕೇಳಿದ್ದರು, ಮದುವೆಯಾದಮೇಲೆ ಬಿಡುತ್ತೀಯಾ ಎಂದು ಕೇಳಿದ್ದರು. ಕೆಲಸ ಏನೆಂದು ಕೇಳಿದವನು ಇವನೊಬ್ಬ. ನಾನು ಒಂದು ಕಾಫಿಪುಡಿ ಪ್ಯಾಕೆಟ್ಟಿನ ವಿಷಯ ಹೇಳಿದೆ. ಹೂಮಳೆ ಬಿದ್ದಮೇಲೆ ಕಾಫಿ ಗಿಡ ಹೂ ಬಿಡುತ್ತದಲ್ಲ, ಅದನ್ನು ಗೊಂಚಲಿನಲ್ಲಿ ಇರುವಂತೆಯೇ ಬರೆಯಬೇಕೆಂದು ಪೆನ್ಸಿಲ್ ಹಿಡಿದು ಪಕ್ಕದ ತೋಟದಲ್ಲಿ ಕೂತು, ಜೇನುನೊಣದಿಂದ ಕಚ್ಚಿಸಿಕೊಂಡು, ಹೂ ಬಾಡುವುದರೊಳಗೆ ಬರೆದು ಮುಗಿಸಿದ್ದೆ. "ಆ ಪ್ಯಾಕೆಟ್ಟು ನಮ್ಮೂರಲ್ಲೂ ಸಿಗುತ್ತೆ" ಎಂದ. ಮಾರನೆಯ ದಿನ ಅದನ್ನು ಕೊಂಡು, ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು ಫೋಟೋ ತೆಗೆದು ಕಳಿಸಿದ. ಕೆಮ್ಮಿನ ಔಷಧಿಯ ಪಕ್ಕದಲ್ಲಿ ನನ್ನ ಹೂವು. ಅವತ್ತು ನಾನು ಊಟ ಮಾಡುವಾಗಲೂ ಫೋನ್ ಕೆಳಗಿಡಲಿಲ್ಲ.

ಉಳಿದಿದ್ದು ವಿಚಾರಿಸುವ ಕೆಲಸ. ನಮ್ಮ ಕಡೆ ಸಂಬಂಧ ಗಟ್ಟಿ ಮಾಡುವ ಮುಂಚೆ ಹುಡುಗಿಯ ಬಗ್ಗೆ ಹುಡುಗಿಯ ಮನೆಯಲ್ಲಿ ಕೇಳುವುದಿಲ್ಲ. ಮನೆಯವರು ಹೇಗೂ ಒಳ್ಳೆಯದನ್ನೇ ಹೇಳುತ್ತಾರೆ. ಗಂಡಿನ ಕಡೆಯ ಹಿರಿಯರೊಬ್ಬರು ಯಾರಿಗೂ ಹೇಳದೆ ಬಸ್ಸಿಳಿದು, ಜೀಪ್ ಡ್ರೈವರನನ್ನು ಕೇಳುತ್ತಾರೆ, ಪಕ್ಕದ ಅಂಗಡಿಯಲ್ಲಿ ಬೀಡಿ ಕೊಂಡು ಕೇಳುತ್ತಾರೆ, ಹುಡುಗಿ ಕೆಲಸ ಮಾಡುವ ಕಡೆ ಏನೋ ನೆಪ ಮಾಡಿಕೊಂಡು ಹೋಗಿ ನೋಡುತ್ತಾರೆ. ಬಣಕಲ್‌ನಲ್ಲಿ ಅಪ್ಪನ ಅಂಗಡಿಗೂ ಹಾಗೆ ಎಷ್ಟೋ ಜನ ಬಂದು, ಬೇಕಿಲ್ಲದ ಬೆಲ್ಲ ಕೊಂಡು, ಯಾರದೋ ಮಗಳ ವಿಷಯ ಕೇಳಿ ಹೋಗಿದ್ದಾರೆ. ಅಪ್ಪ ಎಲ್ಲರ ಬಗ್ಗೆಯೂ "ಬಂಗಾರದಂಥ ಮನೆ" ಎಂದೇ ಹೇಳಿ ಕಳಿಸಿದವರು. ಕುಡುಕರ ಮನೆಯನ್ನೂ ಬಂಗಾರ ಮಾಡಿದ್ದಾರೆ. ತಾನು ಯಾರ ಸಂಬಂಧವನ್ನೂ ಕೆಡಿಸಿಲ್ಲ, ಹಾಗಾಗಿ ತನ್ನ ಮಗಳದನ್ನು ಯಾರೂ ಕೆಡಿಸುವುದಿಲ್ಲ ಎಂಬ ನಂಬಿಕೆ ಅವರದು. ಪಾಪ, ಅವರು ದಿನಸಿ ಮಾರಿಕೊಂಡಿದ್ದವರು. ಡಿಸೈನ್ ಸ್ಟುಡಿಯೋ ಹೇಗೆ ನಡೆಯುತ್ತದೆಂದು ಅವರಿಗೇನು ಗೊತ್ತು.

ಒಂದು ದಿನ ಬೆಳಗ್ಗೆ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಚೀಲ. ಕಳಸದ ದಾರಿಯಲ್ಲಿ ಹೋಮ್‌ಸ್ಟೇ ಮಾಡಿದ್ದೇವೆ, ಬೋರ್ಡು ಬೇಕು ಎಂದರು. ಇಂಥವರು ದಿನಾ ಬರುತ್ತಾರೆ, ನನಗೇನೂ ಅನುಮಾನ ಬರಲಿಲ್ಲ. ಸರ್ ನಮ್ಮ ಹಳೆಯ ಕೆಲಸಗಳನ್ನು ಮೇಜಿನ ಮೇಲೆ ಹರಡಿದರು. ಬಂದ ಹಿರಿಯರು ಉಳಿದುದನ್ನೆಲ್ಲ ಸರಿಸಿ ಆ ಕಾಫಿಪುಡಿ ಪ್ಯಾಕೆಟ್ಟನ್ನು ಎತ್ತಿಕೊಂಡರು.

"ಇದು ಯಾರು ಮಾಡಿದ್ದು?"

"ನಾನೇ ಕೂತು ಮಾಡ್ದೆ ಸ್ವಾಮಿ" ಎಂದರು ಸರ್. "ತೋಟಕ್ಕೇ ಹೋಗಿ, ಹೂ ನೋಡ್ಕೊಂಡು ಬರೆದಿದ್ದು. ಜೇನುನೊಣ ಬೇರೆ ಕಚ್ತು. ಅಲ್ವೇನಮ್ಮ?"

ನಾನು ನೊಣದಿಂದ ಕಚ್ಚಿಸಿಕೊಂಡಿದ್ದನ್ನೂ ಅವರು ಬಿಡಲಿಲ್ಲ. ನಾನು ತಲೆಯಾಡಿಸಿದೆ.

ಹಿರಿಯರು ನನ್ನ ಕಡೆ ತಿರುಗಿದರು. "ಹಂಗಾದ್ರೆ ಈ ಹುಡುಗಿ?"

"ನಮ್ಮ ಆಪರೇಟರ್. ನಾವು ಹೇಳಿದ್ದನ್ನ ಕಂಪ್ಯೂಟ್ರಲ್ಲಿ ಹೊಡೀತಾಳೆ. ಟೈಪಿಂಗ್ ಚೆನ್ನಾಗಿದೆ."

ನಾನು ಅದಕ್ಕೂ ತಲೆಯಾಡಿಸಿದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಓಹೋ, ಹಂಗೋ" ಎಂದು ಪ್ಯಾಕೆಟ್ಟನ್ನು ಕೆಳಗಿಟ್ಟರು. ಬೋರ್ಡಿನ ಆರ್ಡರು ಕೊಟ್ಟು, ಹೋಟೆಲಿನಿಂದ ಸರ್ ತರಿಸಿದ ಕಾಫಿ ಕುಡಿದು ಹೋದರು.

ಅವರು ಹುಡುಗನ ಸೋದರಮಾವ ಎಂದು ನನಗೆ ತಿಳಿದದ್ದು ಎರಡು ದಿನ ಕಳೆದು, ಅಪ್ಪನಿಗೆ ಅವರದೇ ಫೋನ್ ಬಂದಾಗ. ಅಪ್ಪ ಅಂಗಡಿಯಲ್ಲಿದ್ದರು, ನಾನು ಬಸ್ಸಿಳಿದು ಆಗಷ್ಟೇ ಒಳಗೆ ಬಂದಿದ್ದೆ. ಫೋನಿನ ದನಿ ನನಗೂ ಕೇಳುವಷ್ಟು ಜೋರಿತ್ತು. ಆದರೆ ಒಂದು ಕೆಟ್ಟ ಮಾತೂ ಇರಲಿಲ್ಲ.

"ಮನೆ ಚೆನ್ನಾಗಿದೆ ಯಜಮಾನ್ರೇ, ಹುಡುಗಿ ತಗ್ಗಿ ಬಗ್ಗಿ ಇದ್ದಾಳೆ. ಆಪರೇಟರ್ ಅಂತ ಬರೆದಿದ್ರೂ ನಮಗೇನೂ ಬೇಜಾರಿರ್ಲಿಲ್ಲ. ಆದ್ರೆ ಮಾಲೀಕ ಮಾಡಿದ್ದನ್ನ ತಾನು ಮಾಡಿದ್ದು ಅಂತ ನಮ್ಮ ಹುಡುಗನಿಗೆ ಹೇಳಿದ್ದಾಳೆ ನೋಡಿ. ಮುಂದಕ್ಕೆ ಕಷ್ಟ ಆಗುತ್ತೆ."

ಅಪ್ಪ "ಹಂಗಲ್ಲ, ಹಂಗಲ್ಲ" ಎನ್ನುತ್ತಲೇ ಇದ್ದರು. ಆ ಕಡೆಯವರು ಫೋನ್ ಇಟ್ಟಮೇಲೂ ಒಂದು ಸಲ ಹಾಗೆಂದರು. ಆಮೇಲೆ ಮೆಣಸಿನಕಾಯಿ ತೂಗಿಸಿಕೊಳ್ಳಲು ನಿಂತಿದ್ದವರನ್ನು ಕಳಿಸಿ, ನನ್ನ ಕಡೆ ನೋಡದೆ ಕೇಳಿದರು: "ನೀನು ಅಲ್ಲಿ ನಿಜವಾಗ್ಲೂ ಎಂತ ಮಾಡ್ತೀಯ ಮಗಳೇ?"

ಊರಿನ ಕುಡುಕರಿಗೆಲ್ಲ ಬಂಗಾರದ ಮನೆ ಎಂದು ಸರ್ಟಿಫಿಕೇಟು ಕೊಟ್ಟ ಮನುಷ್ಯ ಮಗಳನ್ನು ಅನುಮಾನಿಸಲು ಒಂದು ಫೋನು ಸಾಕಾಯಿತು. ಆ ಪ್ರಶ್ನೆ ಸರ್ ಹೇಳಿದ ಸುಳ್ಳಿಗಿಂತ ಹೆಚ್ಚು ನೋಯಿಸಿತು. ನಾನು ಒಳಗೆ ಹೋದೆ. ಹುಡುಗನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ಮನೆಯಲ್ಲಿ ಒಪ್ಪುತ್ತಿಲ್ಲ, ತಪ್ಪು ತಿಳಿಯಬೇಡಿ.

ಮಾರನೆಯ ದಿನ ಸರ್ ಹತ್ತಿರ ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗದಿದ್ದನ್ನು ನೋಡಿ ನಗು ನಿಲ್ಲಿಸಿದರು.

"ಒಂದು ಫೋನ್ ಮಾಡಿ ಸರ್" ಎಂದೆ. "ಪ್ಯಾಕೆಟ್ಟು ಮಾಡಿದ್ದು ಇವಳೇ ಅಂತ ಒಂದೇ ಒಂದು ಮಾತು ಹೇಳಿ. ನನಗೆ ಅಷ್ಟು ಸಾಕು."

"ನಾನು ಮಾಡಿಲ್ಲ ಅಂತ ನಾನೇ ಫೋನ್ ಮಾಡಿ ಹೇಳದಾ? ಅವ್ರು ಬೋರ್ಡಿಗೆ ಆರ್ಡರ್ ಕೊಟ್ಟಿದ್ದಾರೆ ಮಾರಾಯ್ತಿ. ಕಳಸದಲ್ಲೆಲ್ಲ ಅವ್ರ ನೆಂಟ್ರೇ. ನನ್ನ ಮರ್ಯಾದೆ ಏನಾಗ್ಬೇಕು?"

"ನನ್ನ ಮದುವೆ ಸರ್ ಇದು."

"ಗೊತ್ತಮ್ಮ, ನನಗೂ ಬೇಜಾರಿದೆ." ನಿಜಕ್ಕೂ ಬೇಜಾರಾದವರ ಹಾಗೆ ಕಿಟಕಿಯ ಹೊರಗೆ ನೋಡಿದರು. ಆಮೇಲೆ ಮುಖ ಅರಳಿಸಿಕೊಂಡು ಹೇಳಿದರು: "ಒಂದು ಕೆಲಸ ಮಾಡೋಣ. ಇವತ್ತಿಂದ ನೀನು ಆರ್ಟ್ ಡೈರೆಕ್ಟರ್. ಕುಯ್ಲು ಮುಗಿಯೋವರೆಗೂ ಕಾಯೋದು ಬೇಡ. ಮುಂದಿನ ಸಂಬಂಧಕ್ಕೆ ಉಪಯೋಗ ಆಗುತ್ತೆ."

ಆ ಕಾರ್ಡನ್ನೂ ನಾನೇ ಮಾಡಿದೆ. ಸೋದರಮಾವನ ಬೋರ್ಡನ್ನೂ ನಾನೇ ಮಾಡಿದೆ. ಕೆಟ್ಟದಾಗಿ ಮಾಡಬಹುದಿತ್ತು, ಅಕ್ಷರ ಓರೆ ಮಾಡಬಹುದಿತ್ತು, ಬೇಗ ಮಾಸುವ ಬಣ್ಣ ಹಾಕಿಸಬಹುದಿತ್ತು. ಮನಸ್ಸಿನಲ್ಲಿ ಎಲ್ಲವನ್ನೂ ಮಾಡಿದೆ. ಕೈ ಮಾತ್ರ ಕೇಳಲಿಲ್ಲ, ಅದು ಎಂದಿನಂತೆ ಅಚ್ಚುಕಟ್ಟಾಗಿ ಮಾಡಿ ಮುಗಿಸಿತು. ಈಗಲೂ ಕಳಸಕ್ಕೆ ಹೋಗುವ ಬಸ್ಸಿನ ಎಡಗಡೆ ಕೂತರೆ ಅದು ಕಾಣುತ್ತದೆ. ನಾನು ಬಲಗಡೆ ಕೂರುತ್ತೇನೆ.

ಬೋರ್ಡು ಅವರಿಗೆ ಎಷ್ಟು ಹಿಡಿಸಿತೆಂದರೆ, ಮಳೆಗಾಲ ಕಳೆದಮೇಲೆ ಸೋದರಮಾವ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ನೆಪ ಇರಲಿಲ್ಲ, ನಿಜವಾದ ಕೆಲಸವೇ ಇತ್ತು. ಸೋದರಳಿಯನ ಮದುವೆ ಗೊತ್ತಾಗಿತ್ತು. ಕಾರ್ಡು ಮಾಡಿಸಬೇಕಿತ್ತು. ನನ್ನನ್ನು ನೋಡಿ ಅವರಿಗೆ ಮುಜುಗರವಾಗಲಿಲ್ಲ. "ಚೆನ್ನಾಗಿದ್ದೀಯೇನಮ್ಮ? ಋಣಾನುಬಂಧ ಇರ್ಲಿಲ್ಲ ನೋಡು, ಮನಸ್ಸಿಗೆ ಹಚ್ಕೋಬೇಡ" ಎಂದು, ಬರೆದು ತಂದಿದ್ದ ಕಾಗದವನ್ನು ಸರ್ ಕೈಗೆ ಕೊಟ್ಟರು. ಸರ್ ಅದನ್ನು ಓದದೆ ನನ್ನ ಮೇಜಿಗೆ ದಾಟಿಸಿದರು.

ಹುಡುಗಿ ವಸ್ತಾರೆಯವಳು. ಅವಳ ಹೆಸರಿನ ಕೆಳಗೆ ಹಾಕಬೇಕೆಂದು ಬರೆದಿತ್ತು: ಫ್ಯಾಷನ್ ಡಿಸೈನರ್.

"ಮನೇಲೇ ಬ್ಲೌಸ್ ಹೊಲೀತಾಳೆ" ಎಂದು ಸೋದರಮಾವ ಸಂತೋಷದಿಂದ ವಿವರಿಸಿದರು. "ಕೈ ಚೆನ್ನಾಗಿದೆ. ನಾವೇ ಹೇಳಿದ್ವಿ, ಟೈಲರ್ ಅಂತ ಹಾಕಿದ್ರೆ ಎಂತ ಚೆಂದ, ಡಿಸೈನರ್ ಅಂತ ಹಾಕ್ಸಿ ಅಂತ. ಆ ಅಕ್ಷರ ಸ್ವಲ್ಪ ದಪ್ಪ ಬರ್ಲಿ."

ನನ್ನ ಕೈಯಲ್ಲಿ ಮೌಸ್ ಇತ್ತು. ಯಾವ ಮಾತನ್ನು ಬರೆದು ನಾನು ಸುಳ್ಳಿಯಾದೆನೋ ಅದೇ ಮಾತನ್ನು, ನಾನು ಮದುವೆಯಾಗಬೇಕೆಂದಿದ್ದ ಹುಡುಗನ ಪಕ್ಕದಲ್ಲಿ, ಇನ್ನೊಬ್ಬಳ ಹೆಸರಿನ ಕೆಳಗೆ, ನಾನೇ ಹೊಡೆದೆ. ದಪ್ಪ ಮಾಡಿದೆ. ಇನ್ನೂ ದಪ್ಪ ಎಂದರು, ಇನ್ನೂ ದಪ್ಪ ಮಾಡಿದೆ. ಆ ಹುಡುಗಿಯ ಮೇಲೆ ನನಗೆ ಮೂರು ದಿನ ಕೆಟ್ಟ ಕೋಪವಿತ್ತು. ಅವಳು ಹೊಲಿದ ಬ್ಲೌಸುಗಳ ಹೊಲಿಗೆಯೆಲ್ಲ ಮದುವೆಮನೆಯಲ್ಲೇ ಬಿಚ್ಚಿಹೋಗಲಿ ಎಂದು ಶಾಪ ಹಾಕಿದೆ. ಆಮೇಲೆ ಕೋಪ ಇಳಿಯಿತು. ಅವಳು ಹೊಲಿದ ಬ್ಲೌಸನ್ನು ಯಾರೂ ನಾನೇ ಕೂತು ಹೊಲಿದೆ ಎನ್ನುವುದಿಲ್ಲ. ಅಷ್ಟರಮಟ್ಟಿಗೆ ಅವಳು ನನಗಿಂತ ದೊಡ್ಡ ಡಿಸೈನರ್ರೇ.

ಕಾರ್ಡುಗಳು ಅಚ್ಚಾಗಿ ಬಂದವು. ಒಯ್ಯಲು ಸೋದರಮಾವನ ಜೊತೆ ಹುಡುಗನೂ ಬಂದ. ಅವನನ್ನು ನಾನು ಎದುರಾಬದುರಾಗಿ ನೋಡಿದ್ದು ಅದೇ ಮೊದಲು. ಮಾವ ಒಳಗೆ ಸರ್ ಜೊತೆ ಮಾತಾಡುತ್ತಿದ್ದರು. ಇವನು ಮೆಟ್ಟಿಲ ಹತ್ತಿರವೇ ನಿಂತ. ನಾನು ಕಟ್ಟುಗಳನ್ನು ಎತ್ತಿಕೊಡುವ ನೆಪದಲ್ಲಿ ಅಲ್ಲಿಗೆ ಹೋದೆ.

"ಆ ಹೂ ಬರೆದಿದ್ದು ನಾನೇ" ಎಂದೆ. ಇಷ್ಟು ತಿಂಗಳು ಎಷ್ಟೋ ಬಗೆಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅಷ್ಟೇ.

"ನನಗೆ ಗೊತ್ತು" ಎಂದ ಅವನು. ಅದೇ ನಿಧಾನದ ದನಿ. "ನಾನು ಮಾವನ ಹತ್ರ ಜಗಳಾನೇ ಆಡ್ದೆ. ಮಾಲೀಕರು ಸುಳ್ಳು ಹೇಳಿರ್ಬಹುದು ಅಂದೆ. ಮಾವ ಒಂದೇ ಕೇಳಿದ್ರು. ಮಾಲೀಕ ಸುಳ್ಳು ಹೇಳಿದ ಸರಿ, ಅವಳು ಎಂತಕ್ಕೆ ತಲೆ ಆಡಿಸಿದ್ಳು ಅಂತ." ಮಾವನ ಕಡೆ ಒಮ್ಮೆ ನೋಡಿ, "ನನ್ನ ಹತ್ರ ಉತ್ತರ ಇರ್ಲಿಲ್ಲ. ನೀವಾದ್ರೂ ಹೇಳಿ" ಎಂದ.

ನನ್ನ ಹತ್ತಿರ ಬೇಕಾದಷ್ಟು ಉತ್ತರಗಳಿದ್ದವು. ರೇಟು ಇಳಿಸುತ್ತಾರೆ ಎಂಬುದು, ಇನ್ನೊಂದು ಸ್ಟುಡಿಯೋ ಇಲ್ಲ ಎಂಬುದು, ಅಭ್ಯಾಸವಾಗಿತ್ತು ಎಂಬುದು. ಒಂದನ್ನೂ ಅವನ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಸೋದರಮಾವ ಕಾರ್ಡನ್ನು ದೂರ ಹಿಡಿದು ಹೊಗಳುವುದು ಕೇಳಿಸಿತು.

"ಭಾರಿ ಚೆಂದ ಬಂದಿದೆ. ಇದೂ ನೀವೇ ಮಾಡಿದ್ದಾ?"

"ನಾನೇ ಕೂತು ಮಾಡ್ದೆ ಸ್ವಾಮಿ. ಅಲ್ವೇನಮ್ಮ?"

ಮೂವರೂ ನನ್ನನ್ನು ನೋಡಿದರು. ನನ್ನ ಕತ್ತು ತನ್ನಷ್ಟಕ್ಕೆ ಕೆಳಗೆ ಹೋಗಲು ಹೊರಟಿತ್ತು. ಅದನ್ನು ಹಿಡಿದು ನಿಲ್ಲಿಸಿದೆ.

"ಅಲ್ಲ" ಎಂದೆ. "ನಾನು ಮಾಡಿದ್ದು. ಆ ಕಾಫಿ ಪ್ಯಾಕೆಟ್ಟೂ ನಾನೇ ಮಾಡಿದ್ದು, ನಿಮ್ಮ ಬೋರ್ಡೂ ನಾನೇ. ಇವ್ರಿಗೆ ಕಂಪ್ಯೂಟರ್ ಆನ್ ಮಾಡಕ್ಕೂ ಬರಲ್ಲ."

ಸರ್ ಮುಖ ಕಪ್ಪಿಟ್ಟಿತು. ಹುಡುಗ ನೆಲ ನೋಡಿದ. ಸೋದರಮಾವ ಮಾತ್ರ ಕಟ್ಟುಗಳನ್ನು ಚೀಲಕ್ಕೆ ತುಂಬುವುದನ್ನು ನಿಲ್ಲಿಸಲಿಲ್ಲ.

"ಯಾರಾದ್ರೂ ಮಾಡ್ಲಿ ಬಿಡಮ್ಮ" ಎಂದರು. "ಅಕ್ಷರ ದಪ್ಪ ಬಂದಿದೆ. ನಮಗೆ ಅಷ್ಟು ಸಾಕು."

ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಒಂದು ಕಾರ್ಡಿನ ಮೇಲೆ ಸರ್ ಹೆಸರು ಬರೆದು, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟರು. ಇನ್ನೊಂದು ಕಾರ್ಡು ತೆಗೆದು ನನ್ನ ಕಡೆ ನೋಡಿದರು. ನನ್ನ ಬಯೋಡೇಟಾ ಅವರ ಮನೆಯಲ್ಲಿ ತಿಂಗಳುಗಟ್ಟಲೆ ಇತ್ತು, ಮೇಲುಗಡೆ ದೊಡ್ಡದಾಗಿ ನನ್ನ ಹೆಸರಿತ್ತು. ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದರು. ಆಗಲಿಲ್ಲ. ಕೇಳಲೂ ಇಲ್ಲ. 'ಆಪರೇಟರ್, ಮೂಡಿಗೆರೆ' ಎಂದು ಬರೆದು ನನ್ನ ಮೇಜಿನ ಮೇಲಿಟ್ಟರು.

"ಮನೆಯವ್ರನ್ನೆಲ್ಲ ಕರ್ಕೊಂಡು ಬರ್ಬೇಕು" ಎಂದು ಹೇಳಿ, ಅಳಿಯನ ಹೆಗಲಿಗೆ ಒಂದು ಚೀಲ ಹೊರಿಸಿ, ಇನ್ನೊಂದನ್ನು ತಾವು ಹಿಡಿದುಕೊಂಡು ಮೆಟ್ಟಿಲಿಳಿದರು.